ಮಗನ ದಮ್ಮು, ನಳದೊಳಗಿನ ಸುಣ್ಣ

(ಶಹಾಬಾದ ಕಡೆಯ ತಾಯಿಯೊಬ್ಬರ ಪತ್ರ. ಹೆಸರು ಹಾಕಬೇಡಿ ಅಂದಿದ್ದಾರೆ. ಮಗನಿಗೆ ಎಂಟು ವರ್ಷ. ಮೂರನೇ ವರ್ಷದಿಂದ ದಮ್ಮು. ಉಸಿರು ಕಟ್ಟಿದಾಗಷ್ಟೇ ನೀಲಿ ಪಂಪು, ಅಂದರೆ ಇನ್ಹೇಲರ್, ಕೊಡುತ್ತ ಬಂದಿದ್ದಾರೆ. ಮೊನ್ನೆ ಕಲಬುರಗಿಯ ಡಾಕ್ಟರು "ಶ್ವಾಸನಾಳದ ಗೋಡೆ ದಪ್ಪ ಆಗಿರಬಹುದು, ಇನ್ನು ದಿನಾ ಪಂಪು ಬೇಕು" ಅಂದರಂತೆ. "ಮೊದಲೇ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲವಾ? ಈಗ ಕೊಟ್ಟರೆ ಮೊದಲಿನಂತೆ ಆಗುತ್ತದಾ? ಪಂಪಿನ ಚಟ ಹತ್ತುತ್ತದೆ ಅಂತ ಅತ್ತೆ ಹೆದರಿಸುತ್ತಾರೆ. ಶಾಲೆಯಲ್ಲಿ ಕಬಡ್ಡಿಗೆ ಬಿಡಲಾ ಬೇಡವಾ?" ಇವು ಅವರ ಪ್ರಶ್ನೆಗಳು. –ಸಂ.)

ಅಕ್ಕಾವ್ರೇ,

ನೀವು ಕೇಳಿರುವುದು ನಾಲ್ಕು ಪ್ರಶ್ನೆ. ಆದರೆ ನಾಲ್ಕರ ಅಡಿಯಲ್ಲೂ ಇರುವುದು ಒಂದೇ, "ತಪ್ಪು ನಂದಾ?" ಅಂತ. ಅಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ನಮ್ಮ ಕಡೆಯ ಬೋರಿನ ನೀರು ಎಂಥದ್ದು ಅಂತ ನಿಮಗೆ ಗೊತ್ತು. ಹೋದ ವರ್ಷ ನಮ್ಮ ಮನೆಯ ನಳ ಸಣ್ಣಗೆ ಬರತೊಡಗಿತು. ಪ್ಲಂಬರ್ ಪೈಪು ಕತ್ತರಿಸಿ ಕೈಗೆ ಕೊಟ್ಟ. ಹೆಬ್ಬೆರಳು ಹೋಗುವ ಪೈಪು, ಒಳಗೆ ಬೆಳ್ಳಗೆ ಸುಣ್ಣ ಕಟ್ಟಿ ಕಿರುಬೆರಳೂ ಹೋಗುತ್ತಿರಲಿಲ್ಲ. ದಮ್ಮಿನ ಮಾತು ಬಂದಾಗಲೆಲ್ಲ ನನಗೆ ಆ ತುಂಡೇ ನೆನಪಾಗುತ್ತದೆ. ಒಂದು ವ್ಯತ್ಯಾಸ ಇದೆ. ಶ್ವಾಸನಾಳದಲ್ಲಿ ಹೊರಗಿನದು ಬಂದು ಅಂಟುವುದಿಲ್ಲ, ಗೋಡೆಯೇ ದಪ್ಪ ಆಗುತ್ತದೆ. ಒಳಮೈ ಪದರದ ಕೆಳಗೆ ತೆಳ್ಳನೆಯ ಹಾಳೆಯಂಥದ್ದು ಒಂದಿದೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ, ಆರೋಗ್ಯವಾಗಿರುವ ಮಕ್ಕಳಲ್ಲಿ ಆ ಹಾಳೆ ಐದು ಪಾಲಿನಷ್ಟು. ಜೋರು ದಮ್ಮಿರುವ ಮಕ್ಕಳಲ್ಲಿ ಎಂಟರ ಹತ್ತಿರ. ಹಾಳೆ ಒಂದೇ ಆಗಿದ್ದರೆ ಅಷ್ಟು ತೊಂದರೆ ಇರಲಿಲ್ಲ. ಸುತ್ತಲಿನ ಸ್ನಾಯು ಬಲಿಯುತ್ತದೆ, ಕಫ ಸುರಿಸುವ ಜೀವಕೋಶಗಳೂ ಜಾಸ್ತಿ ಆಗುತ್ತವೆ. ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ ಗಾಳಿಗೆ ಆಗುವ ತಡೆ ಎರಡು ಪಟ್ಟಲ್ಲ, 16 ಪಟ್ಟು. ಬೆಳಿಗ್ಗೆ ಆಡುತ್ತಿದ್ದ ಹುಡುಗ ರಾತ್ರಿ ಎದ್ದು ಕೂತು ಹೆಗಲೆತ್ತಿ ಉಸಿರೆಳೆಯುವುದು ಇದಕ್ಕೇ.

ಈಗ ನಿಮ್ಮ ಮೊದಲ ಪ್ರಶ್ನೆ. ಈ ದಪ್ಪ ಆಗುವುದು ಉರಿಯೂತ ವರ್ಷಗಟ್ಟಲೆ ಹಾಗೇ ಉಳಿದಿದ್ದಕ್ಕೆ ಬರುತ್ತದೆ ಅಂತಲೇ ಮೊದಲು ಬಹಳ ಜನ ತಿಳಿದಿದ್ದರು. ಲಂಡನ್ನಿನ ವೈದ್ಯರು ಪುಟ್ಟ ಮಕ್ಕಳ ಶ್ವಾಸನಾಳದ ಚೂರು ತೆಗೆದು ನೋಡಿದರು. ಒಂದು ವರ್ಷದ ಆಸುಪಾಸಿನ ಕೂಸುಗಳಲ್ಲಿ ಹಾಳೆ ದಪ್ಪ ಇರಲಿಲ್ಲ. 2007ರಲ್ಲಿ ಒಂದರಿಂದ ಮೂರು ವರ್ಷದವರನ್ನು ನೋಡಿದಾಗ, ಸುಂಯ್ ಸುಂಯ್ ಅನ್ನುವ ಮಕ್ಕಳಲ್ಲಿ ಆಗಲೇ ದಪ್ಪ ಆಗಿತ್ತು. ಅಂದರೆ ನೀವು ಮೊದಲ ಸಲ ಮಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ ದಿನವೇ ಕೆಲಸ ಶುರುವಾಗಿದ್ದಿರಬಹುದು.

ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಮೊದಲೇ ಕೊಟ್ಟಿದ್ದರೆ ರೋಗವೇ ಬೇರೆ ದಾರಿ ಹಿಡಿಯುತ್ತಿತ್ತಾ? ಅಮೆರಿಕದಲ್ಲಿ ಎರಡು ಮೂರು ವರ್ಷದ 285 ಮಕ್ಕಳನ್ನು ಆರಿಸಿ, ಅರ್ಧ ಮಕ್ಕಳಿಗೆ ಎರಡು ವರ್ಷ ದಿನಾ ಉರಿಯೂತ ಇಳಿಸುವ ಸ್ಟೀರಾಯ್ಡ್ ಪಂಪು ಕೊಟ್ಟರು. ಕೊಡುತ್ತಿದ್ದಷ್ಟು ದಿನ ಆ ಮಕ್ಕಳು ಚೆನ್ನಾಗಿದ್ದರು. ನಿಲ್ಲಿಸಿದ ಮೇಲೆ ಎಲ್ಲರೂ ಒಂದೇ. 2006ರಲ್ಲಿ ಇದು ಪ್ರಕಟವಾಯಿತು. ಹಾಗಾಗಿ "ಆಗಲೇ ಕೊಡಬೇಕಿತ್ತು" ಅಂತ ರಾತ್ರಿ ನಿದ್ದೆಗೆಡಬೇಡಿ.

ಹಾಗಾದರೆ ಈಗ್ಯಾಕೆ ಕೊಡಬೇಕು? ಇಂಗ್ಲೆಂಡಿನಲ್ಲಿ 2011ರಲ್ಲಿ ದೊಡ್ಡವರ ಮೇಲೆ ಒಂದು ಪ್ರಯೋಗ ಆಯಿತು. ಅಲರ್ಜಿಯೂ ಬೇಡ, ಉರಿಯೂತವೂ ಬೇಡ, ಬರೀ ಶ್ವಾಸನಾಳ ಹಿಂಡಿಕೊಳ್ಳುವಂತೆ ಮೂರು ಸಲ ಮಾಡಿದರು. ಕೆಲವೇ ದಿನದಲ್ಲಿ ಗೋಡೆಯಲ್ಲಿ ದಪ್ಪದ ಗುರುತು ಕಂಡಿತು. ನಾಳ ಹಿಂಡದಂತೆ ಮೊದಲೇ ನೀಲಿ ಪಂಪಿನ ಔಷಧಿ ಕೊಟ್ಟವರಲ್ಲಿ ಕಾಣಲಿಲ್ಲ. ಹಿಂಡುವುದೇ ಗೋಡೆಯನ್ನು ಬೆಳೆಸುತ್ತದೆ ಅಂದ ಮೇಲೆ, ಹಿಂಡುವ ರಾತ್ರಿಗಳನ್ನು ಕಡಿಮೆ ಮಾಡಬೇಕು ಅಲ್ವಾ? ದಿನದ ಸ್ಟೀರಾಯ್ಡ್ ಪಂಪಿನ ಕೆಲಸ ಅದು. ಆಗಲೇ ದಪ್ಪ ಆಗಿದ್ದನ್ನು ಪೂರ್ತಿ ಕೆರೆದು ತೆಗೆಯುವ ಔಷಧಿ ಇಲ್ಲ. ಆದರೆ ಎಂಟು ವರ್ಷದ ಪುಪ್ಪುಸ ಇನ್ನೂ ಬೆಳೆಯುತ್ತಿದೆ. ನನ್ನ ಪೈಪು ಬೆಳೆಯುವುದಿಲ್ಲ.

ಅತ್ತೆಯವರ ಮಾತಿಗೆ ಬರುತ್ತೇನೆ. ಚಟ ಹತ್ತುವುದಿಲ್ಲ. ಅವರಿಗೆ ಹಾಗನ್ನಿಸುವುದಕ್ಕೆ ಕಾರಣ ಇದೆ. ನೀಲಿ ಪಂಪನ್ನೇ ಪದೇ ಪದೇ ಹೊಡೆಯುವ ಮಕ್ಕಳನ್ನು ನೋಡಿರುತ್ತಾರೆ. ಅದು ಸಾಲ್ಬುಟಮಾಲ್, ಬಿಗಿ ಬಿಡಿಸುತ್ತದೆ ಅಷ್ಟೇ. ದಿನಾ ಕೊಡುವ ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಬೇರೆ. ಬಣ್ಣ ನಂಬಬೇಡಿ, ಹೆಸರು ಓದಿ. ಸ್ಟೀರಾಯ್ಡಿಗೆ ಬೆಲೆ ತೆರಬೇಕಾಗುತ್ತದೆ, ಸುಳ್ಳಲ್ಲ. 1,041 ಮಕ್ಕಳನ್ನು ವರ್ಷಗಟ್ಟಲೆ ನೋಡಿದ ಅಮೆರಿಕದ ಅಧ್ಯಯನದಲ್ಲಿ, ಬುಡೆಸೊನೈಡ್ ತೆಗೆದುಕೊಂಡವರು ದೊಡ್ಡವರಾದಾಗ ಎತ್ತರದಲ್ಲಿ ಸುಮಾರು 1.2 ಸೆಂಟಿಮೀಟರ್ ಕಡಿಮೆ ಇದ್ದರು. ಒಂದು ಬೆರಳಿನ ಅಗಲಕ್ಕಿಂತ ಕಡಿಮೆ. ನನ್ನ ಮಗನಾಗಿದ್ದರೆ ಕೊಡುತ್ತಿದ್ದೆ.

ಮೃಗಶಿರ ಮಳೆಗೆ ಹೈದರಾಬಾದಿಗೆ ಹೋಗಿ ಮೀನಿನ ಔಷಧಿ ನುಂಗಿಸಲಾ ಅಂತ ಅಂಚಿನಲ್ಲಿ ಸಣ್ಣಗೆ ಬರೆದಿದ್ದೀರಿ. ನಮ್ಮ ಓಣಿಯಿಂದಲೂ ರೈಲು ತುಂಬ ಹೋಗುತ್ತಾರೆ. ದಮ್ಮು ತಾನೇ ಏರಿ ಇಳಿಯುವ ಕಾಯಿಲೆ, ಇಳಿದಾಗ ಯಾವುದನ್ನು ನುಂಗಿದ್ದೆವೋ ಅದಕ್ಕೆ ಹೆಸರು. ಹೋಗುವುದು ಬಿಡುವುದು ನಿಮ್ಮಿಷ್ಟ, ಪಂಪು ಮಾತ್ರ ನಿಲ್ಲಿಸಬೇಡಿ. ಮನೆಯ ಹಿಂದೆಯೇ ಬೇಳೆ ಮಿಲ್ಲು ಇದೆ ಅಂತಲೂ ಬರೆದಿದ್ದೀರಿ. ತೊಗರಿ ಹೊಟ್ಟಿನ ಧೂಳು ಹಾರುವಾಗ ಆ ಕಡೆಯ ಕಿಟಕಿ ಹಾಕಿ. ಮಾವನವರ ಬೀಡಿ ಅಂಗಳದಿಂದಲೂ ಆಚೆ ಹೋಗಲಿ.

ಇಷ್ಟೆಲ್ಲಕ್ಕಿಂತ ದೊಡ್ಡ ತಪ್ಪು ಬಹಳ ಮನೆಗಳಲ್ಲಿ ಪಂಪು ಒತ್ತುವುದರಲ್ಲೇ ಆಗುತ್ತದೆ. ನನ್ನ ತಂಗಿಯ ಮಗ ಆರು ತಿಂಗಳು ಪಂಪು ತೆಗೆದುಕೊಂಡ, ಗುಣ ಕಾಣಲಿಲ್ಲ. ಒಂದು ದಿನ ಎದುರು ಕೂತು ನೋಡಿದೆ. ಒತ್ತಿದ, ಮರುಕ್ಷಣ ಮೂಗಿನಿಂದ ಬಿಳಿ ಹೊಗೆ ಬಂತು, ಬೀಡಿ ಸೇದಿದವರ ಹಾಗೆ. ಔಷಧಿ ಎದೆಯವರೆಗೆ ಇಳಿದೇ ಇರಲಿಲ್ಲ. ಬರೆದುಕೊಟ್ಟ ವೈದ್ಯರು ಒಂದು ಸಲವೂ ಮಾಡಿಸಿ ನೋಡಿರಲಿಲ್ಲ. ಮಕ್ಕಳಿಗೆ ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಇಡುವ ಕೊಳವೆಯಂಥ ಡಬ್ಬಿ, ಬೇಕೇಬೇಕು. ಕೈಗೆ ಸಿಗದಿದ್ದರೆ ಅರ್ಧ ಲೀಟರಿನ ನೀರಿನ ಬಾಟಲಿಯ ತಳಕ್ಕೆ ಪಂಪು ಬಿಗಿಯಾಗಿ ಕೂರುವಷ್ಟು ತೂತು ಮಾಡಿದರೂ ನಡೆಯುತ್ತದೆ, ಪರೀಕ್ಷಿಸಿ ನೋಡಿದ್ದಾರೆ. ಪಂಪು ಅಲ್ಲಾಡಿಸಿ, ಒಂದು ಸಲ ಒತ್ತಿ, ನಿಧಾನವಾಗಿ ಐದಾರು ಉಸಿರು. ಸ್ಟೀರಾಯ್ಡ್ ಆದಮೇಲೆ ಬಾಯಿ ಮುಕ್ಕಳಿಸಲಿ. ಮುಂದಿನ ಸಲ ಹೋದಾಗ ಡಾಕ್ಟರೆದುರೇ ಮಾಡಿಸಿ, ಉಸಿರಿನ ಬಲ ಅಳೆಯುವ ಊದುವ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.

ಕಬಡ್ಡಿಗೆ ಬಿಡಿ. ಆಟಕ್ಕೆ ಮೊದಲು ನೀಲಿ ಪಂಪು ಎಷ್ಟು ಸಲ, ಎಷ್ಟು ಹೊತ್ತು ಮುಂಚೆ ಅಂತ ಡಾಕ್ಟರಿಂದ ಚೀಟಿಯಲ್ಲಿ ಬರೆಸಿ, ಪಿಟಿ ಮೇಷ್ಟ್ರ ಕೈಗೆ ಕೊಡಿ. ಪಂಪು ಮಾತ್ರ ಅವನ ಚಡ್ಡಿ ಜೇಬಿನಲ್ಲೇ ಇರಲಿ.