"ಗಂಜಿ ಕುಡಿಸಿ ಮಲಗಿಸ್ತಿದ್ವಿ ಮೇಡಂ"

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು, ವಯಸ್ಸು 71. ಎಲೆ, ಅಡಿಕೆ, ತಂಬಾಕು ಬಹಳ ವರ್ಷದ ಅಭ್ಯಾಸ. ಕೆನ್ನೆಯೊಳಗೆ ಕ್ಯಾನ್ಸರ್. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ದಾವಣಗೆರೆಯಲ್ಲಿ ನನ್ನ ಹತ್ತಿರ ಬಂದಾಗ ಕರೆಂಟ್ ಟ್ರೀಟ್‌ಮೆಂಟಿನ, ಅಂದರೆ ರೇಡಿಯೇಷನ್ನಿನ, ಮೂರನೇ ವಾರ. ಜೊತೆಗೆ ಸೊಸೆ ಇದ್ದರು.

"ಮಾವ ಗೋಡೆ ಹಿಡಿದೇ ನಡೀತಾರೆ. ನಾವೇನೂ ಕಮ್ಮಿ ಮಾಡಿಲ್ಲ ಮೇಡಂ. ಗಂಜಿ ಕುಡಿಸಿ ಮಲಗಿಸ್ತೀವಿ" ಎಂದು ಕಣ್ಣೊರೆಸಿಕೊಂಡರು.

"ಯಜಮಾನ್ರೇ, ಕೈ ಕಟ್ಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂತ್ಕೊಳ್ಳಿ" ಎಂದೆ. ಇದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಎಚ್ಚರ ವಹಿಸಬೇಕು. ಅವರು ಎರಡನೇ ಸಲಕ್ಕೇ ಕೈ ಊರಿದರು. ಮೀನಖಂಡದ ಸುತ್ತಳತೆ 30 ಸೆಂ.ಮೀ. ಗಂಡಸರಿಗೆ 34ಕ್ಕಿಂತ ಕಮ್ಮಿಯಿದ್ದರೆ ಸ್ನಾಯು ಸವೆದಿದೆಯೇ ಎಂದು ನೋಡಲೇಬೇಕು. ವೈದ್ಯರು ಇದನ್ನು ಸಾರ್ಕೋಪೀನಿಯಾ ಅನ್ನುತ್ತಾರೆ. ವಯಸ್ಸಿಗೇ ಒಂದಿಷ್ಟು ಸವೆದಿರುತ್ತದೆ. ಅದರ ಮೇಲೆ ಕ್ಯಾನ್ಸರ್, ಬಾಯಿಹುಣ್ಣು, ರುಚಿಯಿಲ್ಲದ ನಾಲಿಗೆ. ಸ್ನಾಯು ಹೋದವರಿಗೆ ಕೀಮೋ ತಡೆದುಕೊಳ್ಳುವುದೂ ಕಷ್ಟ.

ಸೊಸೆಯನ್ನು ನಾನು ದೂರಲಿಲ್ಲ. ಕಾಯಿಲೆಯವರಿಗೆ ಗಂಜಿ, ಹಾಸಿಗೆ ಅನ್ನುವುದು ನಮ್ಮ ಕಡೆಯ ಪ್ರೀತಿ. ಆದರೆ ತೆಳು ಗಂಜಿಯಲ್ಲಿ ಪ್ರೋಟೀನ್ ತೀರಾ ಕಮ್ಮಿ. ಇವರ ತೂಕ 52 ಕೆ.ಜಿ. ಕೆ.ಜಿ.ಗೆ 1.2ರಿಂದ 1.5 ಗ್ರಾಂನಂತೆ ದಿನಕ್ಕೆ 62ರಿಂದ 78 ಗ್ರಾಂ ಪ್ರೋಟೀನ್ ಬೇಕು. ಮೊಟ್ಟೆ ಆ ಮನೆಯೊಳಗೆ ಬರುವುದಿಲ್ಲ. ಹಾಗಾಗಿ ಡಯಟಿಷಿಯನ್ ಜೊತೆ ಕೂತು ಪಟ್ಟಿ ಮಾಡಿದೆವು. ಹಾಲಿಗೆ ಹಾಲಿನ ಪುಡಿ ಕದಡಿ ಕೊಡುವುದು. ಹೆಸರುಬೇಳೆ ಬೇಯಿಸಿ, ನುಣ್ಣಗೆ ರುಬ್ಬಿ, ತುಪ್ಪ ಹಾಕುವುದು. ರಾಗಿ ಅಂಬಲಿಯನ್ನು ನೀರಿನ ಬದಲು ಹಾಲಿನಲ್ಲಿ ಮಾಡುವುದು. ಖಾರ, ಹುಳಿ, ಬಿಸಿ ಬೇಡ. ಎರಡು ಗಂಟೆಗೊಮ್ಮೆ ಅರ್ಧ ಲೋಟ ಸಾಕು. ಕುಡಿಯುವಾಗ ಕೆಮ್ಮು ಬಂದರೆ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ಹೇಳಬೇಕು.

ಮೂಗಿನಿಂದ ಹೊಟ್ಟೆಗೆ ಆಹಾರ ಕೊಡುವ ಪೈಪಿನ ಮಾತು ಬಂದಾಗ ಯಜಮಾನರು ಮುಖ ತಿರುಗಿಸಿದರು. "ಪೈಪ್ ಹಾಕಿದ್ರೆ ಮುಗೀತು ಅಂತ ಲೆಕ್ಕ."

ಈ ಭಯ ಎಷ್ಟೋ ಮನೆಗಳಲ್ಲಿದೆ, ಕೇಳಿದಾಗೆಲ್ಲ ಸಂಕಟವಾಗುತ್ತದೆ. ಪೈಪು ಸಾವಿನ ಗುರುತಲ್ಲ. ಹುಣ್ಣು ಮಾಯುವ ತನಕ ಹೊಟ್ಟೆಗೆ ಇನ್ನೊಂದು ದಾರಿ, ಅಷ್ಟೇ. ಪೈಪ್ ಇದ್ದರೂ ಡಾಕ್ಟರು ಒಪ್ಪಿದಷ್ಟು ಗುಟುಕು ನುಂಗುತ್ತಿರಬೇಕು. ನುಂಗುವುದನ್ನೇ ಬಿಟ್ಟರೆ ಗಂಟಲಿನ ಸ್ನಾಯುವೂ ಸೊರಗುತ್ತದೆ. ಇದನ್ನು ಮೂರು ಸಲ ಹೇಳಿದೆ. ಆಮೇಲೆ ಒಪ್ಪಿದರು.

ಹಗಲು ಮಲಗಿಸಬೇಡಿ ಎಂದೆ. ಜಗಲಿಯಲ್ಲಿ ಕೂರಲಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಲಿ. ಬೆಳಿಗ್ಗೆ, ಸಂಜೆ ಕುರ್ಚಿಯಿಂದ ಎದ್ದು ಕೂರಲಿ, ಪಕ್ಕದಲ್ಲಿ ಒಬ್ಬರು ನಿಂತಿರಿ.

ಐದು ವಾರದ ನಂತರ ಬಂದರು. ಚಿಕಿತ್ಸೆ ನಡುವೆ ನಿಂತಿರಲಿಲ್ಲ. ಮೂಗಿನಲ್ಲಿ ಪೈಪ್ ಇನ್ನೂ ಇತ್ತು. ನಾನು ಹೇಳುವ ಮೊದಲೇ ಕೈ ಕಟ್ಟಿಕೊಂಡು ನಾಲ್ಕು ಸಲ ಎದ್ದು ಕೂತರು. ಐದನೆಯದಕ್ಕೆ ಸೊಸೆ ಕೈ ಚಾಚಿದರು. "ಬ್ಯಾಡ ಬಿಡವ್ವ" ಎಂದರು.