ನರ್ಸಿಂಗ್ ಹೋಮ್ ಬಿಟ್ಟು ಆರು ತಿಂಗಳು ಮಕ್ಕಳ ಜೊತೆ ಊರೂರು ತಿರುಗಬೇಕು. ತಯಾರಿ ಎಲ್ಲಿಂದ ಶುರು ಮಾಡಲಿ?

ನೀವು ಚಿತ್ರದುರ್ಗದಲ್ಲಿ ಪ್ರಸೂತಿ ತಜ್ಞೆ, ಯಜಮಾನರು ಅರಿವಳಿಕೆ ತಜ್ಞರು, ಮಗಳು ಆರನೇ ಕ್ಲಾಸು, ಮಗ ಮೂರನೇದು, ಮನೆಯಲ್ಲಿ ಬಿಪಿ ಇರುವ ಅತ್ತೆಯವರು. ಮೊದಲು ದುಡ್ಡು ಕೂಡಿಡಬೇಕೋ ಟಿಕೆಟ್ ಮಾಡಿಸಬೇಕೋ ಅಂತ ಕೇಳಿದ್ದೀರಿ. ಎರಡಕ್ಕೂ ಮುಂಚೆ ಹೆರಿಗೆ ರಿಜಿಸ್ಟರ್ ತೆಗೆದುಕೊಂಡು ಕೂರಿ ಮೇಡಂ. ನಾನು ದಾವಣಗೆರೆಯಲ್ಲಿ ಇದೇ ಕೆಲಸ ಮಾಡುವವಳು. ಕೆಲವು ವರ್ಷಗಳ ಹಿಂದೆ ಗಂಡ, ಮಕ್ಕಳ ಜೊತೆ ಹೀಗೇ ಹೊರಟಿದ್ದೆ, ಆದ್ದರಿಂದ ಹೇಳುತ್ತಿದ್ದೇನೆ.

ಬೇರೆ ವೃತ್ತಿಯವರು ಮೂರು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು. ನಮ್ಮದು ಹಾಗಲ್ಲ. ಇವತ್ತು ಎರಡು ತಿಂಗಳು ಅಂತ ಬಂದವಳ ಹೆರಿಗೆ ಇನ್ನು ಏಳು ತಿಂಗಳಿಗೆ. ಮುಟ್ಟಿನ ತಾರೀಖಿನಿಂದ 280 ದಿನ ಎಣಿಸುವ ಲೆಕ್ಕವೇ ನಿಮ್ಮ ರಜೆಯ ಕ್ಯಾಲೆಂಡರ್. ಹೊರಡುವ ತಿಂಗಳು ಗೊತ್ತು ಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ, ಯಾವ ದಿನದಿಂದ ಹೊಸ ಬಸುರಿಯರನ್ನು ತೆಗೆದುಕೊಳ್ಳಬಾರದು ಅಂತ ರಿಜಿಸ್ಟರಿನಲ್ಲಿ ಗೆರೆ ಎಳೆಯಿರಿ. ಆಮೇಲೆ ಬಂದವರಿಗೆ ಮೊದಲ ಭೇಟಿಯಲ್ಲೇ "ಹೆರಿಗೆ ಹೊತ್ತಿಗೆ ನಾನು ಊರಲ್ಲಿರಲ್ಲ" ಅಂತ ಹೇಳಬೇಕು. ಏಳನೇ ತಿಂಗಳಲ್ಲಿ ಹೇಳಿದರೆ ಅದು ಅನ್ಯಾಯ. ಇದನ್ನು ಬಹಳ ಗಟ್ಟಿಯಾಗಿ ನಂಬಿದ್ದೇನೆ.

ಹರಪನಹಳ್ಳಿ ಕಡೆಯಿಂದ ಬರುತ್ತಿದ್ದ ಒಬ್ಬಳಿದ್ದಳು. ಮೊದಲ ಹೆರಿಗೆ ಸಿಸೇರಿಯನ್, ಅದೂ ನಾನೇ ಮಾಡಿದ್ದು. ಡ್ಯೂ ಡೇಟ್ ನಾವು ಹೊರಡುವ ವಾರಕ್ಕೇ ಬೀಳುತ್ತಿತ್ತು. "ನೀವಿಲ್ಲಂದ್ರ ನನ್ನ ಹೆರಿಗಿ ಯಾರು ಮಾಡ್ತಾರ್ರೀ ಮೇಡಂ?" ಅಂತ ಕೇಳಿದಳು. ಚೀಟಿ ಬರೆದು ಕಳಿಸಲು ಮನಸ್ಸಾಗಲಿಲ್ಲ. ಹಳೇ ಆಪರೇಷನ್ ನೋಟ್ಸ್, ಸ್ಕ್ಯಾನ್ ರಿಪೋರ್ಟ್, ತಾಯಿ ಕಾರ್ಡ್ ಎಲ್ಲ ಒಂದು ಫೈಲಿಗೆ ಹಾಕಿ, ಅವಳನ್ನೂ ಅವಳ ಅತ್ತೆಯನ್ನೂ ನನ್ನ ಸಹೋದ್ಯೋಗಿಯ ಚೇಂಬರಿಗೆ ನಾನೇ ಕರೆದುಕೊಂಡು ಹೋದೆ. ಅವರು ಹೊಟ್ಟೆ ಮುಟ್ಟಿ ನೋಡಿ, ಹಳೇ ಹೊಲಿಗೆ ಬಗ್ಗೆ ಅವಳನ್ನೇ ನಾಲ್ಕು ಮಾತು ಕೇಳಿದರು. ಹೊರಗೆ ಬಂದ ಮೇಲೆ ಅತ್ತೆ, "ಆಯ್ತ್ ಬಿಡ್ರಿ, ಹೋಗಿಬರ್ರಿ" ಅಂದರು. ಹೈ ರಿಸ್ಕ್ ಇರುವ ಪ್ರತಿಯೊಬ್ಬರನ್ನೂ ಹೀಗೆ ಮುಖಾಮುಖಿ ಒಪ್ಪಿಸಿ. ಮಿಕ್ಕವರಿಗೆ ಫೈಲು, ಫೋನ್ ಮಾತು ಸಾಕು.

ಕಾಗದ ಪತ್ರದ ವಿಷಯದಲ್ಲಿ ಎರಡನ್ನು ಒತ್ತಿ ಹೇಳುತ್ತೇನೆ. ಮೊದಲನೆಯದು ಇಂಡೆಮ್ನಿಟಿ ಪಾಲಿಸಿ, ಅಂದರೆ ಚಿಕಿತ್ಸೆಯಲ್ಲಿ ತಪ್ಪಾಯಿತು ಅಂತ ರೋಗಿ ಪರಿಹಾರ ಕೇಳಿದರೆ ಡಾಕ್ಟರಿಗೆ ನೆರವಾಗುವ ವಿಮೆ. ಕೆಲಸವೇ ಇಲ್ಲದ ಮೇಲೆ ಪ್ರೀಮಿಯಂ ಯಾಕೆ ಅನ್ನಿಸುತ್ತದೆ. ಆದರೆ ನಮ್ಮ ದೇಶದ ಈ ಪಾಲಿಸಿಗಳು ಸಾಮಾನ್ಯವಾಗಿ ಕ್ಲೇಮ್ ಬಂದ ದಿನ ಪಾಲಿಸಿ ಚಾಲ್ತಿಯಲ್ಲಿದೆಯೇ ಅಂತ ನೋಡುತ್ತವೆ. ಹೆರಿಗೆ ಮಾಡಿಸಿದ ದಿನ ಇತ್ತು ಅಂದರೆ ಸಾಲದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ರೋಗಿಗೆ ದೂರು ಕೊಡಲು 2 ವರ್ಷದ ಅವಕಾಶವಿದೆ. ಹಾಗಾಗಿ ಒಂದು ದಿನವೂ ಬಿಟ್ಟುಹೋಗದಂತೆ ಕಟ್ಟಿ. ಎರಡನೆಯದು ಸ್ಕ್ಯಾನಿಂಗ್ ಮೆಷಿನ್. ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ವರದಿ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಹೋಗಬೇಕು. ಮೆಷಿನ್ ಬಂದ್ ಇಡುವುದಾದರೆ ಜಿಲ್ಲಾ ಪ್ರಾಧಿಕಾರಕ್ಕೆ ಬರೆದು ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ನಿಮ್ಮ ಬದಲಿಗೆ ಬರುವ ಡಾಕ್ಟರು ಅದನ್ನು ಬಳಸುವುದಾದರೆ ಅವರ ಹೆಸರು ಮೊದಲೇ ನೋಂದಣಿಯಲ್ಲಿ ಸೇರಿರಬೇಕು. ಕೆಎಂಸಿ (ಕರ್ನಾಟಕ ವೈದ್ಯಕೀಯ ಪರಿಷತ್ತು) ನೋಂದಣಿಯ ನವೀಕರಣ 5 ವರ್ಷಕ್ಕೊಮ್ಮೆ. ನಿಮ್ಮದು ಈ ಅವಧಿಯಲ್ಲೇ ಬಂದರೆ ಅದಕ್ಕೆ ಬೇಕಾದ ಸಿಎಂಇ (ವೈದ್ಯರ ಮುಂದುವರಿದ ಕಲಿಕೆ) ಪಾಯಿಂಟ್ಸ್ ಮುಂಚೆಯೇ ಮುಗಿಸಿಬಿಡಿ.

ದುಡ್ಡಿನ ಲೆಕ್ಕದಲ್ಲಿ ಪ್ರಯಾಣದ ಖರ್ಚಿಗಿಂತ ಮೊದಲು ಸಿಸ್ಟರ್‌ಗಳು ಮತ್ತು ಆಯಾಗಳ ಸಂಬಳ ಬರೆಯಿರಿ. ನಿಮ್ಮ ಕೈಗೆ ಯಾವ ಉಪಕರಣ ಯಾವಾಗ ಕೊಡಬೇಕು ಅಂತ ಕಲಿಯಲು ಆಪರೇಷನ್ ಥಿಯೇಟರಿನ ಸಿಸ್ಟರಿಗೆ ವರ್ಷಗಳೇ ಹಿಡಿದಿವೆ. ಆರು ತಿಂಗಳು ಸಂಬಳ ನಿಲ್ಲಿಸಿದರೆ ಅವರಿಗೆ ಬೇರೆ ಆಸ್ಪತ್ರೆ ಹುಡುಕದೆ ಗತ್ಯಂತರವಿಲ್ಲ. ನಾವು ಅರ್ಧ ಸಂಬಳ ಮನೆಗೇ ತಲುಪಿಸಿದೆವು, ಮಿಕ್ಕರ್ಧ ನಮ್ಮ ಜಾಗದಲ್ಲಿ ಒಪಿಡಿ (ಹೊರರೋಗಿ ವಿಭಾಗ) ನಡೆಸಿದ ಡಾಕ್ಟರ ಕಡೆಯಿಂದ ಬರುವಂತೆ ಮಾತಾಡಿಕೊಂಡೆವು. ಕಟ್ಟಡದ ಸಾಲದ ಕಂತು, ಆರೋಗ್ಯ ವಿಮೆ, ಸ್ಕೂಲ್ ಫೀಸು ಹೇಗೂ ನಿಲ್ಲುವುದಿಲ್ಲ. ಆ ವರ್ಷ ಆದಾಯ ಇಳಿಯುವುದರಿಂದ ಅಡ್ವಾನ್ಸ್ ಟ್ಯಾಕ್ಸ್ ಎಷ್ಟು ಕಟ್ಟಬೇಕು ಅಂತ ಆಡಿಟರ್ ಹತ್ತಿರ ಹೊಸದಾಗಿ ಲೆಕ್ಕ ಹಾಕಿಸಿ.

ಮಕ್ಕಳ ಓದಿನ ಚಿಂತೆ ನಿಮಗೆ ಜಾಸ್ತಿ ಇದ್ದಂತಿದೆ. ನನ್ನ ಮಾತು ಕೇಳುವುದಾದರೆ ಮಗಳು ಒಂಬತ್ತಕ್ಕೆ ಬರುವ ಮೊದಲೇ ಹೊರಡಿ. ಸಿಬಿಎಸ್‌ಇ ಆದರೆ ಒಂಬತ್ತರಲ್ಲಿ ಬೋರ್ಡಿನ ನೋಂದಣಿ, ಮುಂದೆ ಶೇಕಡಾ 75 ಹಾಜರಾತಿ. ಎಸ್‌ಎಸ್‌ಎಲ್‌ಸಿಗೂ ಹಾಜರಾತಿ ಬೇಕೇ ಬೇಕು. ಅಲ್ಲಿಗೆ ದಾರಿ ಮುಚ್ಚಿದ ಹಾಗೆ. ಈಗ ಪ್ರಿನ್ಸಿಪಾಲರಿಗೆ ಪತ್ರ ಕೊಟ್ಟು, ಫೀಸು ಕಟ್ಟಿ, ಸೀಟು ಉಳಿಸಿಕೊಳ್ಳುತ್ತೇವೆ ಅಂತ ಲಿಖಿತವಾಗಿ ತೆಗೆದುಕೊಳ್ಳಿ. ರಾಜ್ಯ ಪಠ್ಯಕ್ರಮದ ಪುಸ್ತಕಗಳು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ. ನಾವು ಗಣಿತ ಮತ್ತು ಕನ್ನಡ ಎರಡನ್ನು ಮಾತ್ರ ದಿನಾ ಬೆಳಿಗ್ಗೆ ಕೂರಿಸಿ ಮಾಡಿಸಿದೆವು. ಮಿಕ್ಕದ್ದನ್ನು ವಾಪಸ್ ಬಂದ ಮೇಲೆ ಮಕ್ಕಳೇ ಹಿಡಿದುಕೊಂಡರು.

ಎಲ್ಲಿಗೆ ಅಂತ ಕೊನೆಗೆ ಕೇಳಿದ್ದೀರಿ. ಯುರೋಪ್ ಅಂದುಕೊಂಡಿದ್ದರೆ ಅಲ್ಲಿನ ಬಹುತೇಕ ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಲು ಬಿಡುತ್ತಾರೆ. ಆರು ತಿಂಗಳು ಅಲ್ಲೇ ಕಳೆಯಲಾಗದು. ನಮ್ಮ ದೇಶವೇ ಸಾಕಷ್ಟಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲ ಕಡೆ ಮಳೆ ಹಿಡಿದಾಗ ಹಿಮಾಚಲದ ಸ್ಪಿತಿ, ಲಡಾಖ್ ಕಡೆ ಒಣ ಹವೆ. ಸ್ಪಿತಿಯ ಕಾಜಾ 3,600 ಮೀಟರಿಗೂ ಮೇಲಿದೆ, ಆದ್ದರಿಂದ ಮನಾಲಿಯಿಂದ ಒಂದೇ ಏಟಿಗೆ ಹತ್ತಬೇಡಿ. ಶಿಮ್ಲಾ, ಕಿನ್ನೌರ್ ಮೇಲೆ ಹೋಗಿ ಕಲ್ಪಾದಲ್ಲಿ ವಾರಗಟ್ಟಲೆ ಇದ್ದು, ಮಕ್ಕಳ ಮೈ ಒಗ್ಗಿದ ಮೇಲೆ ಮುಂದಕ್ಕೆ. ಅತ್ತೆಯವರನ್ನು ಈ ಭಾಗಕ್ಕೆ ಕರೆದೊಯ್ಯಬೇಡಿ. ಅವರು ನವೆಂಬರಿನ ಹೊತ್ತಿಗೆ ಅಸ್ಸಾಮಿಗೆ ಬಂದು ಸೇರಿಕೊಳ್ಳಲಿ. ಬ್ರಹ್ಮಪುತ್ರದ ನಡುವಿನ ಮಾಜುಲಿ ದ್ವೀಪಕ್ಕೆ ಜೋರ್ಹಾಟ್ ಹತ್ತಿರದ ನಿಮಾತಿ ಘಾಟಿನಿಂದ ದೋಣಿಯಲ್ಲಿ ದಾಟಬಹುದು. ಕಾರ್ತಿಕ ಹುಣ್ಣಿಮೆಗೆ ಅಲ್ಲಿನ ಸತ್ರಗಳಲ್ಲಿ (ವೈಷ್ಣವ ಮಠಗಳಲ್ಲಿ) ರಾಸಲೀಲೆ ಆಡುತ್ತಾರೆ. ನನ್ನ ಅತ್ತೆ ಭಾಷೆ ಬಾರದಿದ್ದರೂ ರಾತ್ರಿ ಬಹಳ ಹೊತ್ತಿನವರೆಗೆ ಚಾಪೆ ಮೇಲೆ ಕೂತು ನೋಡಿದರು, ಪಕ್ಕದ ಅಜ್ಜಿ ಕೊಟ್ಟ ಎಲೆ ಅಡಿಕೆ ಹಾಕಿಕೊಂಡು. ಅರುಣಾಚಲಕ್ಕೂ ಹೋಗುವುದಾದರೆ ಹೊರಗಿನವರು ಆ ರಾಜ್ಯಕ್ಕೆ ಕಾಲಿಡಲು ಪಡೆಯುವ ಇನ್ನರ್ ಲೈನ್ ಪರ್ಮಿಟ್ ಬೇಕು. ಒಟ್ಟಿನಲ್ಲಿ ಊರು ಕಡಿಮೆ ಇಟ್ಟುಕೊಂಡು, ಒಂದೊಂದರಲ್ಲಿ ಹೆಚ್ಚು ದಿನ ನಿಲ್ಲಿ. ಮಕ್ಕಳಿಗೆ ಗೆಳೆಯರು ಸಿಗುವುದು ಹಾಗಿದ್ದರೆ ಮಾತ್ರ.

ಇನ್ನೊಂದನ್ನು ಈಗಲೇ ಲೆಕ್ಕಕ್ಕೆ ಸೇರಿಸಿ. ವಾಪಸ್ ಬಂದ ಮಾರನೇ ದಿನ ಒಪಿಡಿ ತೆರೆಯಬಹುದು, ಆದರೆ ಅವತ್ತು ಎರಡು ತಿಂಗಳು ಅಂತ ಬರುವವಳ ಹೆರಿಗೆಗೆ ಮತ್ತೆ ಏಳು ತಿಂಗಳು ಕಾಯಬೇಕು. ಅಷ್ಟರವರೆಗೆ ಲೇಬರ್ ರೂಮು ಹೆಚ್ಚುಕಡಿಮೆ ಖಾಲಿಯೇ ಇರುತ್ತದೆ. ಆದ್ದರಿಂದ ಆರು ತಿಂಗಳ ಖರ್ಚು ಅಂತ ಕೂಡಿಡಬೇಡಿ, ಒಂದು ವರ್ಷದ್ದು ಅಂತ ಕೂಡಿಡಿ. ಅದು ಕೈಗೂಡುವ ತನಕ ಮಕ್ಕಳಿಗೆ ತಾರೀಖು ಹೇಳಬೇಡಿ.