ಅಟ್ಲಾಂಟಾಗೆ ಬರುವ ಮುಂಚೆ

ತಮ್ಮಾ, ಬಾಡಿಗೆ ಮನೆ, ಕಾರು, ಬೇಳೆ ಸಿಗುವ ಅಂಗಡಿ ಎಲ್ಲಾ ಫೋನಿನಲ್ಲೇ ಹೇಳಿದ್ದೇನೆ. ಉಳಿದಿದ್ದು ನಿನ್ನ ಕೊನೆಯ ಪ್ರಶ್ನೆ. ಜನವರಿ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ಹೆಸರಲ್ಲಿ ರಜೆಯಂತೆ, 'ಕರಿಯರ ರಾಜಕೀಯ ನಮಗ್ಯಾಕೆ' ಅಂತ ಕೇಳಿದ್ದೀಯ. ಮೊದಲು ಆ ಪದ ಬಿಡು. ಇಲ್ಲಿ ಬ್ಲ್ಯಾಕ್ ಅಂತಾರೆ, ಕನ್ನಡದಲ್ಲಿ ಮಾತಾಡುವಾಗಲೂ ಹಾಗೇ ಅನ್ನು.

ನಮಗ್ಯಾಕೆ ಅಂದರೆ, ನಮ್ಮ ವೀಸಾದ ಬೇರು ಅವರ ಹೋರಾಟದಲ್ಲಿದೆ. 1946ರ ಕಾನೂನು ಇಂಡಿಯಾಗೆ ಕೊಟ್ಟಿದ್ದ ವಲಸೆ ಕೋಟಾ ವರ್ಷಕ್ಕೆ ಬರೀ 100. ಹುಟ್ಟಿದ ದೇಶ ನೋಡಿ ಅಳೆಯುವ ಆ ಪದ್ಧತಿ ಹೋಗಿದ್ದು 1965ರಲ್ಲಿ. ಹಿಂದಿನ ವರ್ಷವಷ್ಟೇ, ಬಣ್ಣ ನೋಡಿ ಭೇದ ಮಾಡಬಾರದು ಅನ್ನುವ ಸಿವಿಲ್ ರೈಟ್ಸ್ ಕಾಯ್ದೆ ಬಂದಿತ್ತು. ಅದಕ್ಕಾಗಿ ಬೀದಿಯಲ್ಲಿ ಪೆಟ್ಟು ತಿಂದವರು ಬ್ಲ್ಯಾಕ್ ಜನ, ಬಾಗಿಲು ತೆರೆದಿದ್ದು ನಮಗೂ.

ಇನ್ನೊಂದು ಮಾತು. 'ಕಿಂಗ್‌ಗೆ ದಾರಿ ತೋರಿಸಿದ್ದು ನಮ್ಮ ಗಾಂಧಿ' ಅಂತ ಜಂಬ ಕೊಚ್ಚಬೇಡ. ಬಂದ ಹೊಸದರಲ್ಲಿ ನಾನು ಊಟದ ಹೊತ್ತಲ್ಲಿ ಕೊಚ್ಚಿದ್ದೆ. ಎದುರಿಗಿದ್ದ ಹಿರಿಯ ಬ್ಲ್ಯಾಕ್ ಸಹೋದ್ಯೋಗಿ ನಕ್ಕು, 'ಕೇರಳದ ಶಾಲೆಯ ಕಥೆ ಗೊತ್ತಾ?' ಅಂದರು. 1959ರಲ್ಲಿ ಕಿಂಗ್ ಅಲ್ಲಿಗೆ ಹೋದಾಗ ದಲಿತ ಮಕ್ಕಳ ಶಾಲೆಯ ಮುಖ್ಯಸ್ಥರು ಅವರನ್ನು 'ಅಮೆರಿಕದ ಅಸ್ಪೃಶ್ಯ' ಅಂತ ಪರಿಚಯಿಸಿದರಂತೆ. ಕಿಂಗ್‌ಗೆ ಮೊದಲು ಸಿಟ್ಟು ಬಂತು. ಆಮೇಲೆ, ಹೌದಲ್ಲ, ನಾನೂ ಅದೇ ಅನಿಸಿತು. 1965ರಲ್ಲಿ ಅವರೇ ಚರ್ಚಿನಲ್ಲಿ ಹೇಳಿಕೊಂಡಿದ್ದು ಇದು. 'ನಿಮ್ಮೂರಲ್ಲಿ ಈಗ ಹೇಗಿದೆ?' ಅಂತ ಆ ಸಹೋದ್ಯೋಗಿ ಕೇಳಿದರು. ನಮ್ಮಜ್ಜಿ ಮನೆ ಹಿತ್ತಲಲ್ಲಿ ಆಳುಗಳ ಕಾಫಿಗೆ ಅಂತಲೇ ಇಟ್ಟಿದ್ದ ತೆಂಗಿನ ಚಿಪ್ಪು ನೆನಪಾಯಿತು. ಬಾಯಿಂದ ಮಾತೇ ಬರಲಿಲ್ಲ.

ಗಾಂಧಿಯನ್ನು ಬ್ಲ್ಯಾಕ್ ಹೋರಾಟಗಾರರು ಸುಮ್ನೆ ಪೂಜೆ ಮಾಡಲಿಲ್ಲ, ಪಾಠದ ಹಾಗೆ ಕಲಿತರು. ಅವರಲ್ಲೊಬ್ಬರಾದ ಪಾದ್ರಿ ಜೇಮ್ಸ್ ಲಾಸನ್ ನಾಗಪುರದಲ್ಲಿ ಮೂರು ವರ್ಷ ಇದ್ದು ಬಂದವರು. ನ್ಯಾಶ್‌ವಿಲ್‌ನಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ ತಾಲೀಮು ಕೊಟ್ಟರು. ಒಬ್ಬ ಕುರ್ಚಿಯಲ್ಲಿ ಕೂರುವುದು. ಮಿಕ್ಕವರು ಬೈಯುವುದು, ತಳ್ಳುವುದು, ಮುಖಕ್ಕೆ ಹೊಗೆ ಬಿಡುವುದು. ಕೂತವನು ಕೈ ಎತ್ತಬಾರದು. ಆ ಊರಿನ ಅಂಗಡಿಗಳಲ್ಲಿ ಬ್ಲ್ಯಾಕ್ ಜನ ಸಾಮಾನು ಕೊಳ್ಳಬಹುದಿತ್ತು, ಅಲ್ಲೇ ತಿಂಡಿ ಕೌಂಟರಿನಲ್ಲಿ ಕೂರುವಂತಿರಲಿಲ್ಲ. 1960ರ ಫೆಬ್ರವರಿಯಲ್ಲಿ ಹುಡುಗರು ಹೋಗಿ ಕೂತರು. ಮೇ ತಿಂಗಳಲ್ಲಿ ಕೌಂಟರುಗಳು ತೆರೆದವು.

ಎಲ್ಲರೂ ಕಿಂಗ್ ಹಿಂದೆಯೇ ಇದ್ದರು ಅಂದುಕೊಳ್ಳಬೇಡ. ಇನ್ನೊಬ್ಬ ಬ್ಲ್ಯಾಕ್ ನಾಯಕ ಮಾಲ್ಕಂ ಎಕ್ಸ್ ಈ ಅಹಿಂಸೆಯ ದಾರಿ ಒಪ್ಪಲಿಲ್ಲ. 1966ರಲ್ಲಿ ಯುವ ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್ 'ಬ್ಲ್ಯಾಕ್ ಪವರ್', ಅಂದರೆ ಅಧಿಕಾರ ನಮ್ಮ ಕೈಗೇ ಬರಬೇಕು, ಅಂತ ಕೂಗಿದರು. ನನಗೆ ಜಾಸ್ತಿ ಹಿಡಿಸುವವರು ಎಲಾ ಬೇಕರ್. ಒಬ್ಬ ದೊಡ್ಡ ನಾಯಕನನ್ನು ನೆಚ್ಚಿಕೊಂಡು ಕೂರಬೇಡಿ ಅಂತ ಹುಡುಗರಿಗೆ ಹೇಳಿದ ಹೆಂಗಸು.

ನೀನು ಬಂದ ಮೊದಲ ಶನಿವಾರ ಆಬರ್ನ್ ಅವೆನ್ಯೂಗೆ ಕರೆದುಕೊಂಡು ಹೋಗುತ್ತೇನೆ. ಕಿಂಗ್ ಸಮಾಧಿ ಅಲ್ಲೇ, ನೀರಿನ ನಡುವೆ ಇದೆ. ಗಾಂಧಿ ಪ್ರತಿಮೆಯೂ ಹತ್ತಿರದಲ್ಲೇ. ಅದರ ಮುಂದೆ ಫೋಟೋ ಆಮೇಲೆ ತೆಗೆಸಿಕೊಳ್ಳೋಣ. ಮೊದಲು ಎಬೆನೆಜರ್ ಚರ್ಚ್ ನೋಡೋಣ. ಕಿಂಗ್ ಆ ಕೇರಳದ ಕಥೆ ಹೇಳಿದ್ದು ಅಲ್ಲಿಯೇ.